ಆಪತ್ಕಾಲದ ಪದಕೋಶ

ಪ್ರತಿಯೊಂದು ಕಸುಬಿಗೂ ಅದರದೇ ಆದ ಪರಿಭಾಷೆಯುಂಟು. ಅಕ್ಕಸಾಲಿಗರ ಮಾತು ನೇಕಾರರಿಗೆ ತಿಳಿಯದಿದ್ದರೆ ಯಾರಿಗೂ ನಷ್ಟವಿಲ್ಲ. ವಕೀಲರ ಮಾತು ಕಕ್ಷಿದಾರನಿಗೆ ಅರ್ಥವಾಗದಿದ್ದರೆ ಹೆಚ್ಚೆಂದರೆ ಇನ್ನೊಂದು ವಾಯಿದೆಯ ಖರ್ಚು. ಆದರೆ ತುರ್ತು ಚಿಕಿತ್ಸೆಯ ಪರಿಭಾಷೆಯ ಸಂಗತಿಯೇ ಬೇರೆ. ಅಲ್ಲಿ ಮೊದಲ ಮಾತನ್ನು ಆಡುವವರು ವೈದ್ಯರಲ್ಲ. ಬಿದ್ದವರ ಪಕ್ಕದಲ್ಲಿ ಆ ಗಳಿಗೆಗೆ ಯಾರು ನಿಂತಿರುತ್ತಾರೋ ಅವರು. ಮನೆಯ ಸೊಸೆ, ಬಸ್ಸಿನ ಕಂಡಕ್ಟರ್, ಆಟೋ ಚಾಲಕ, ಶಾಲೆಯ ಮೇಷ್ಟರು, ಯಾರೂ ಆಗಿರಬಹುದು.

ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 108 ಸಂಖ್ಯೆಯ ಆಂಬುಲೆನ್ಸ್ ಸೇವೆ ಆರಂಭವಾಯಿತು. ಅಂದಿನಿಂದ ಈ ಮೊದಲ ಮಾತಿಗೆ ಒಂದು ಹೊಸ ಮಹತ್ವ ಬಂದಿದೆ. ದೂರವಾಣಿಯ ಆ ತುದಿಯಲ್ಲಿರುವವರಿಗೆ ರೋಗಿ ಕಾಣುವುದಿಲ್ಲ, ಕೇಳುವುದು ನಮ್ಮ ಮಾತು ಮಾತ್ರ. ನಾವು 'ಮೂರ್ಛೆ ಬಂದಿದೆ' ಎನ್ನುತ್ತೇವೆ, 'ಶಾಕ್ ಆಗಿದೆ' ಎನ್ನುತ್ತೇವೆ, 'ಗ್ಯಾಸ್ಟ್ರಿಕ್ ಇರಬೇಕು' ಎನ್ನುತ್ತೇವೆ. ಈ ಮಾತುಗಳಲ್ಲಿ ಕೆಲವಕ್ಕೆ ಎರಡೆರಡು ಅರ್ಥ. ಕೆಲವು ತಪ್ಪು ದಾರಿಗೆ ಎಳೆಯುವಂಥವು. ತುರ್ತು ಸೇವೆಯವರು ಬಳಸುವ ಪದಗಳು ಎಲ್ಲಿಂದ ಬಂದವು, ನಮ್ಮ ಆಡುಮಾತಿಗೂ ಅವಕ್ಕೂ ಎಲ್ಲಿ ವ್ಯತ್ಯಾಸ ಎಂಬುದನ್ನು ತಿಳಿಯುವುದು ಆದ್ದರಿಂದ ಬರಿಯ ಭಾಷಾಕುತೂಹಲದ ವಿಷಯವಲ್ಲ.

ರಣರಂಗದಲ್ಲಿ ಹುಟ್ಟಿದ ಪದಗಳು

'ಆಂಬುಲೆನ್ಸ್' ಎಂಬುದರ ಮೂಲ 'ನಡೆದಾಡು' ಎಂಬರ್ಥದ ಲ್ಯಾಟಿನ್ ಧಾತು. ಫ್ರೆಂಚರು ಸೈನ್ಯದ ಜೊತೆಗೆ ಸಾಗುವ ಆಸ್ಪತ್ರೆಯನ್ನು 'ನಡೆದಾಡುವ ಆಸ್ಪತ್ರೆ' ಎಂದು ಕರೆಯುತ್ತಿದ್ದರು. ಹೆಸರಿಗೆ ನಡೆದಾಡುವುದಾದರೂ ಅದು ಯುದ್ಧಭೂಮಿಯಿಂದ ಬಹುದೂರ ನಿಲ್ಲುತ್ತಿತ್ತು. ಗಾಯಗೊಂಡ ಸಿಪಾಯಿ ಕಾಳಗ ಮುಗಿಯುವವರೆಗೆ ಬಿದ್ದಲ್ಲೇ ಬಿದ್ದಿರಬೇಕಾಗಿತ್ತು. 1792ರಲ್ಲಿ ರೈನ್ ನದಿಯ ಸೈನ್ಯದಲ್ಲಿದ್ದ ಡೊಮಿನಿಕ್ ಲಾರೆ ಎಂಬ ತರುಣ ಶಸ್ತ್ರವೈದ್ಯ ಇದನ್ನು ಕಂಡು ಬೇಸತ್ತ. ಕುದುರೆಗಳು ಎಳೆಯುವ ಫಿರಂಗಿಗಳು ರಣರಂಗದಲ್ಲಿ ಅಷ್ಟು ವೇಗವಾಗಿ ಓಡಾಡುವುದಾದರೆ ಗಾಯಾಳುಗಳ ಗಾಡಿ ಏಕೆ ಓಡಬಾರದು ಎಂಬುದು ಅವನ ಪ್ರಶ್ನೆ. ಅವನು ಕಟ್ಟಿದ ಹಗುರ ಗಾಡಿಗಳಿಗೆ 'ಹಾರುವ ಆಂಬುಲೆನ್ಸ್' ಎಂದೇ ಹೆಸರಾಯಿತು. ಮುಂದೆ ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋದಾಗ ಇದೇ ಕೆಲಸಕ್ಕೆ ಒಂಟೆಗಳನ್ನು ಸಜ್ಜುಗೊಳಿಸಿದ.

ಲಾರೆಯ ಇನ್ನೊಂದು ಕೊಡುಗೆ ಇದಕ್ಕಿಂತ ದೊಡ್ಡದು. ಗಾಯಾಳುವಿನ ಪದವಿಯನ್ನಾಗಲೀ ದೇಶವನ್ನಾಗಲೀ ನೋಡದೆ, ಗಾಯದ ತೀವ್ರತೆಯನ್ನು ಮಾತ್ರ ನೋಡಿ ಚಿಕಿತ್ಸೆಯ ಸರದಿಯನ್ನು ನಿರ್ಧರಿಸಬೇಕೆಂದು ಅವನು ಹಟ ಹಿಡಿದ. ಸೇನಾಧಿಕಾರಿಯ ಬೆರಳಿನ ಗಾಯಕ್ಕಿಂತ ಸಾಮಾನ್ಯ ಸಿಪಾಯಿಯ ತುಂಡಾದ ಕಾಲು ಮೊದಲು. ಆ ಕಾಲಕ್ಕೆ ಇದು ಸಣ್ಣ ಕ್ರಾಂತಿಯಲ್ಲ. ಈ ವಿಂಗಡಣೆಗೆ ಇಂದಿನ ಹೆಸರು 'ಟ್ರಿಯಾಜ್'. ವಿಂಗಡಿಸು ಎಂಬರ್ಥದ ಈ ಫ್ರೆಂಚ್ ಪದವನ್ನು ಮೊದಲು ಬಳಸುತ್ತಿದ್ದುದು ಉಣ್ಣೆ, ಕಾಫಿಬೀಜಗಳಂಥ ಸರಕನ್ನು ದರ್ಜೆವಾರು ಆರಿಸುವವರು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಅದು ವೈದ್ಯರ ಪದವಾಗಿ ನೆಲೆಗೊಂಡಿತು.

ಇಂದು ಬಸ್ಸು ಉರುಳಿದಲ್ಲಿ, ಕಟ್ಟಡ ಕುಸಿದಲ್ಲಿ ತುರ್ತು ಸಿಬ್ಬಂದಿ ಮಾಡುವ ಮೊದಲ ಕೆಲಸ ಇದೇ. ಕೂಡಲೇ ಚಿಕಿತ್ಸೆ ಬೇಕಾದವರಿಗೆ ಕೆಂಪು, ಸ್ವಲ್ಪ ಕಾಯಬಲ್ಲವರಿಗೆ ಹಳದಿ, ನಡೆಯಬಲ್ಲವರಿಗೆ ಹಸಿರು, ಬದುಕುವ ಆಸೆಯಿಲ್ಲದವರಿಗೆ ಮತ್ತು ಸತ್ತವರಿಗೆ ಕಪ್ಪು ಪಟ್ಟಿ. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್ ಎಂಬಲ್ಲಿನ ಆಸ್ಪತ್ರೆ ಮತ್ತು ಅಗ್ನಿಶಾಮಕ ದಳದವರು ಸೇರಿ ರೂಪಿಸಿದ ಪದ್ಧತಿಯಲ್ಲಿ ನೋಡುವುದು ನಾಲ್ಕೇ ಸಂಗತಿ: ನಡೆಯುತ್ತಾರೆಯೇ, ಉಸಿರು ನಿಮಿಷಕ್ಕೆ 30ಕ್ಕಿಂತ ಹೆಚ್ಚಿದೆಯೇ, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆಯೇ, ಹೇಳಿದ ಮಾತಿನಂತೆ ಕೈ ಎತ್ತುತ್ತಾರೆಯೇ. ಯಾವ ಮೂಳೆ ಮುರಿದಿದೆ ಎಂದು ಅಲ್ಲಿ ಯಾರೂ ಹುಡುಕುವುದಿಲ್ಲ. ಅತ್ತ ಮಗುವಿಗೇ ಹಾಲು ಎಂಬುದು ಲೋಕರೂಢಿ. ಟ್ರಿಯಾಜ್ ಅದನ್ನು ತಿರುವುಮುರುವು ಮಾಡುತ್ತದೆ. ಜೋರಾಗಿ ಕೂಗುವವರ ಉಸಿರಾಟ ಸರಿಯಿದೆ ಎಂದೇ ಅರ್ಥ. ಮೂಲೆಯಲ್ಲಿ ಸದ್ದಿಲ್ಲದೆ ಬೆವರುತ್ತ ಕುಳಿತವರನ್ನು ಮೊದಲು ನೋಡಬೇಕು.

ಶಾಕ್ ಎಂದರೆ ಗಾಬರಿಯಲ್ಲ

ಹಾಗೆ ಸದ್ದಿಲ್ಲದೆ ಬೆವರುವವರ ಸ್ಥಿತಿಗೆ ವೈದ್ಯರು ಇಡುವ ಹೆಸರು 'ಶಾಕ್'. ಕನ್ನಡದಲ್ಲಿ ಈ ಪದ ಎರಡು ಅರ್ಥಗಳಲ್ಲಿ ಮನೆಮಾತಾಗಿದೆ: ಕೆಟ್ಟ ಸುದ್ದಿ ಕೇಳಿದಾಗಿನ ಆಘಾತ, ವಿದ್ಯುತ್ ತಂತಿ ಮುಟ್ಟಿದಾಗಿನ ಹೊಡೆತ. ತುರ್ತು ಸೇವೆಯವರ ಶಾಕ್ ಈ ಎರಡೂ ಅಲ್ಲ. ದೇಹದ ಅಂಗಾಂಗಗಳಿಗೆ ಸಾಕಷ್ಟು ರಕ್ತ, ಅದರ ಮೂಲಕ ಆಮ್ಲಜನಕ ತಲುಪದಿರುವ ಸ್ಥಿತಿ ಅದು. ರಕ್ತಸ್ರಾವ, ವಾಂತಿಭೇದಿಯಿಂದಾದ ನೀರಿನ ನಷ್ಟ, ಹೃದಯದ ದೌರ್ಬಲ್ಯ, ತೀವ್ರ ಸೋಂಕು, ಜೇನುನೊಣದ ಕಡಿತದಂಥ ಒಗ್ಗದಿಕೆ, ಇವುಗಳಲ್ಲಿ ಯಾವುದರಿಂದಲೂ ಅದು ಬರಬಹುದು.

ಪದದ ಚರಿತ್ರೆಯೂ ಸ್ವಾರಸ್ಯದ್ದು. ಹೆನ್ರಿ ಫ್ರಾನ್ಸ್ವಾ ಲ ದ್ರಾನ್ ಎಂಬ ಫ್ರೆಂಚ್ ಶಸ್ತ್ರವೈದ್ಯ 1737ರಲ್ಲಿ ಗುಂಡೇಟಿನ ಗಾಯಗಳ ಮೇಲೆ ಬರೆದ ಗ್ರಂಥದಲ್ಲಿ 'ಅದುರು, ಕುಲುಕು' ಎಂಬರ್ಥದ ಪದವನ್ನು ಬಳಸಿದ್ದ. 1743ರ ಇಂಗ್ಲಿಷ್ ಅನುವಾದದಲ್ಲಿ ಅದು 'ಶಾಕ್' ಆಯಿತು. ಗುಂಡು ತಾಗಿದ ಅದುರುವಿಕೆಯೇ ದೇಹವನ್ನು ಕುಗ್ಗಿಸುತ್ತದೆ ಎಂಬುದು ಅಂದಿನ ತಿಳಿವಳಿಕೆ. ಅದುರುವಿಕೆಯಲ್ಲ, ರಕ್ತಪರಿಚಲನೆಯ ಕೊರತೆಯೇ ಮೂಲ ಎಂಬುದು ಸ್ಪಷ್ಟವಾಗಲು ಇಪ್ಪತ್ತನೆಯ ಶತಮಾನದ ಯುದ್ಧಗಳೇ ಬರಬೇಕಾಯಿತು. ಅರ್ಥ ಬದಲಾದರೂ ಹೆಸರು ಮಾತ್ರ ಉಳಿದುಕೊಂಡಿತು.

ಇದನ್ನು ಗುರುತಿಸುವುದು ಹೇಗೆ? ಚರ್ಮ ತಣ್ಣಗಾಗಿ ಬೆವರಿನಿಂದ ಅಂಟಂಟಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ನಾಡಿ ವೇಗವಾಗಿಯೂ ಕ್ಷೀಣವಾಗಿಯೂ ಓಡುತ್ತದೆ, ಉಸಿರು ಹೆಚ್ಚುತ್ತದೆ, ರೋಗಿ ಚಡಪಡಿಸುತ್ತಾನೆ. ರಕ್ತದೊತ್ತಡ ಕುಸಿಯುವುದು ಅನೇಕ ವೇಳೆ ಇವೆಲ್ಲ ಆದ ಮೇಲೆ. ಅಪಘಾತವಾದವನು ಎದ್ದು ಕುಳಿತು ಮಾತನಾಡಿದ, ಅರ್ಧ ಗಂಟೆಯ ನಂತರ ಹೋಗಿಬಿಟ್ಟ ಎಂಬ ಸುದ್ದಿಗಳನ್ನು ನಾವು ಕೇಳುತ್ತಲೇ ಇರುತ್ತೇವೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದಾಗ ದೇಹ ಸ್ವಲ್ಪ ಹೊತ್ತು ತಾಳಿಕೊಂಡು ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ಇಂಥವರನ್ನು ಮಲಗಿಸಿ, ಬೆಚ್ಚಗೆ ಹೊದಿಸಿ, ಹೊರಗೆ ಕಾಣುವ ರಕ್ತವನ್ನು ಒತ್ತಿ ಹಿಡಿದು, ಬೇಗ ಸಾಗಿಸುವುದೇ ಸರಿ. ನಮ್ಮಲ್ಲಿ ಬಿದ್ದವರ ಬಾಯಿಗೆ ಮೊದಲು ನೀರು ಹಾಕುವ ಪದ್ಧತಿಯಿದೆ. ಕರುಣೆಯ ಕೆಲಸವೇ ಅದು, ಆದರೆ ಎಚ್ಚರವಿಲ್ಲದವನಿಗೆ ಆ ನೀರು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ.

ಒಂದೇ ಮೂರ್ಛೆ, ಹಲವು ಸ್ಥಿತಿ

ಎಚ್ಚರ ತಪ್ಪುವುದಕ್ಕೆ ಕನ್ನಡದಲ್ಲಿ 'ಮೂರ್ಛೆ' ಎಂಬ ಒಂದೇ ಮಾತು ಬಹಳ ಕೆಲಸ ಮಾಡುತ್ತದೆ. ಬಿಸಿಲಿನಲ್ಲಿ ನಿಂತು ತಲೆ ಸುತ್ತಿ ಬಿದ್ದರೂ ಮೂರ್ಛೆ, ಅಪಸ್ಮಾರದ ಸೆಳೆತ ಬಂದರೂ ಮೂರ್ಛೆ, ತಲೆಗೆ ಪೆಟ್ಟು ಬಿದ್ದು ಮಾತಾಡದೆ ಮಲಗಿದರೂ ಮೂರ್ಛೆ. ಮೊದಲನೆಯದರಲ್ಲಿ ಮಲಗಿಸಿ ಕಾಲು ಎತ್ತಿ ಹಿಡಿದರೆ ಸಾಮಾನ್ಯವಾಗಿ ನಿಮಿಷದೊಳಗೆ ಚೇತರಿಕೆ. ಎರಡನೆಯದರಲ್ಲಿ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ; ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಗೆ ಮೆತ್ತನೆಯದೇನಾದರೂ ಇಟ್ಟು, ಸೆಳೆತ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದ ಸೆಳೆತ ತುರ್ತುಸ್ಥಿತಿ. ಮೂರನೆಯದರಲ್ಲಿ ಕತ್ತನ್ನು ಅಲುಗಾಡಿಸದೆ ಕಾಯ್ದುಕೊಳ್ಳುವುದೇ ಮುಖ್ಯ. ಹೀಗೆ ಒಂದೇ ಪದದ ಹಿಂದೆ ಮೂರು ಬೇರೆ ಬೇರೆ ಉಪಚಾರಗಳಿವೆ.

ಇಂಥ ಗೊಂದಲ ನಮ್ಮ ಭಾಷೆಗೆ ಮಾತ್ರ ಸೀಮಿತವಲ್ಲ. ಗಾಢನಿದ್ರೆ ಎಂಬರ್ಥದ ಗ್ರೀಕ್ ಪದದಿಂದ ಬಂದ 'ಕೋಮಾ'ವನ್ನು ವೈದ್ಯರೂ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಿದ್ದರು. ಒಬ್ಬರು 'ಮಂಪರು' ಎಂದು ಬರೆದದ್ದನ್ನು ಇನ್ನೊಬ್ಬರು 'ಅರೆ ಎಚ್ಚರ' ಎಂದು ಓದುತ್ತಿದ್ದರು. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗ್ರಹಾಂ ಟೀಸ್ಡೇಲ್ ಮತ್ತು ಬ್ರಯಾನ್ ಜೆನೆಟ್ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಹೆಸರಿಡುವುದನ್ನು ಬಿಟ್ಟು ಕಂಡದ್ದನ್ನು ಎಣಿಸುವುದೇ ಆ ಪರಿಹಾರ. ಕಣ್ಣು ಯಾವಾಗ ತೆರೆಯುತ್ತಾನೆ, ಏನು ಮಾತಾಡುತ್ತಾನೆ, ಕೈಕಾಲು ಹೇಗೆ ಆಡಿಸುತ್ತಾನೆ ಎಂಬ ಮೂರಕ್ಕೆ ಅಂಕ ಕೊಟ್ಟು ಕೂಡಿಸಿದರೆ ಇಂದಿನ ಲೆಕ್ಕದಲ್ಲಿ ಕನಿಷ್ಠ 3, ಗರಿಷ್ಠ 15. ಆಂಬುಲೆನ್ಸಿನವರು ಇನ್ನೂ ಸರಳವಾದ ನಾಲ್ಕು ಮೆಟ್ಟಿಲನ್ನೂ ಬಳಸುತ್ತಾರೆ: ಎಚ್ಚರವಿದ್ದಾನೆ, ಕರೆದರೆ ಓಗೊಡುತ್ತಾನೆ, ನೋವಾದರೆ ಮಾತ್ರ ಮಿಸುಕುತ್ತಾನೆ, ಯಾವುದಕ್ಕೂ ಮಿಸುಕುವುದಿಲ್ಲ. ಇದನ್ನು ಯಾವ ಹಳ್ಳಿಯವರೂ ತಮ್ಮ ಕನ್ನಡದಲ್ಲೇ ಹೇಳಬಲ್ಲರು.

ಆಘಾತ ಬೇರೆ, ಸ್ತಂಭನ ಬೇರೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಸುದ್ದಿಗಳಲ್ಲಿ 'ಹೃದಯಾಘಾತ', 'ಹೃದಯಸ್ತಂಭನ' ಎಂಬ ಎರಡು ಮಾತುಗಳೂ ಕಾಣಿಸಿಕೊಂಡವು. ಓದುಗರಲ್ಲಿ ಬಹುಮಂದಿ ಎರಡೂ ಒಂದೇ ಎಂದುಕೊಂಡರು. ಅವು ಒಂದೇ ಅಲ್ಲ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಆಗ ಹೃದಯ ಬಡಿಯುತ್ತಲೇ ಇರುತ್ತದೆ, ರೋಗಿ ಸಾಮಾನ್ಯವಾಗಿ ಮಾತಾಡುತ್ತಿರುತ್ತಾನೆ. ಎದೆಯಲ್ಲಿ ಒತ್ತಿದಂಥ ನೋವು, ಅದು ತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು ಇದರ ಗುರುತು. ಮಧುಮೇಹಿಗಳು, ವಯಸ್ಸಾದವರು, ಹೆಂಗಸರಲ್ಲಿ ನೋವಿಲ್ಲದೆ ಬರಿಯ ಸುಸ್ತು, ಏದುಸಿರು, ಓಕರಿಕೆ ಮಾತ್ರ ಇರಬಹುದು. ಈ ಹಂತದಲ್ಲಿ ನಮ್ಮನ್ನು ಅಡ್ಡದಾರಿಗೆ ಎಳೆಯುವ ಪದ 'ಗ್ಯಾಸ್ಟ್ರಿಕ್'. ಒಂದು ಸೋಡಾ ಕುಡಿಸಿ, ಓಮದ ಕಾಳು ಅಗಿಸಿ ಬೆಳಗಿನವರೆಗೆ ಕಾಯುವುದರಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಇಸಿಜಿ ಒಂದನ್ನು ಬೇಗ ತೆಗೆಸುವುದೇ ಇಲ್ಲಿ ತೀರ್ಮಾನದ ಮಾರ್ಗ. 2023ರಲ್ಲಿ ಕರ್ನಾಟಕ ಸರ್ಕಾರ ಪುನೀತ್ ಅವರ ಹೆಸರಿನಲ್ಲಿ ಆರಂಭಿಸಿದ 'ಹೃದಯ ಜ್ಯೋತಿ' ಯೋಜನೆಯ ಉದ್ದೇಶವೂ ಇದೇ: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುವುದು.

ಹೃದಯಸ್ತಂಭನವಾದಾಗ ಹೃದಯ ರಕ್ತವನ್ನು ತಳ್ಳುವುದನ್ನೇ ನಿಲ್ಲಿಸಿರುತ್ತದೆ. ರೋಗಿ ಕುಸಿದು ಬೀಳುತ್ತಾನೆ, ಓಗೊಡುವುದಿಲ್ಲ. ಹೃದಯಾಘಾತ ಅದಕ್ಕೆ ಕಾರಣವಾಗಬಹುದು. ಬೇರೆ ಕಾರಣಗಳೂ ಉಂಟು. ಇಲ್ಲಿ ಆಸ್ಪತ್ರೆಯ ದಾರಿ ಕಾಯುವಷ್ಟು ಹೊತ್ತಿಲ್ಲ, ಏಕೆಂದರೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಮಾಡಬೇಕಾದದ್ದು 'ಸಿಪಿಆರ್', ಅಂದರೆ ಎದೆಯ ನಡುವೆ ಎರಡು ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು ಐದು ಸೆಂಟಿಮೀಟರು ಆಳಕ್ಕೆ ಒತ್ತುವುದು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ವಿದ್ಯುತ್ ಹೊಡೆತದಿಂದ ಹೃದಯವನ್ನು ಮತ್ತೆ ಸರಿಹೊಂದಿಸುವ ಪ್ರಯೋಗ ನಡೆಯುತ್ತಿದ್ದಾಗ, ಉಪಕರಣದ ಭಾರವಾದ ಫಲಕವನ್ನು ಎದೆಗೆ ಒತ್ತಿದ ಮಾತ್ರಕ್ಕೇ ಪ್ರಯೋಗದ ನಾಯಿಯ ರಕ್ತದೊತ್ತಡ ಏರಿದ್ದನ್ನು ಗೈ ನಿಕರ್‌ಬಾಕರ್ ಎಂಬ ಕಿರಿಯ ಸಂಶೋಧಕ ಗಮನಿಸಿದ. ಅವನೂ ವೈದ್ಯನಲ್ಲ, ಅವನ ಗುರು ವಿಲಿಯಂ ಕೌವೆನ್‌ಹೋವನ್ನನೂ ವೈದ್ಯನಲ್ಲ. ಗುರು ವಿದ್ಯುತ್ ಎಂಜಿನಿಯರು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆ ಸೇರಿ ಅವರು 1960ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ನಿಂತ ಹೃದಯವನ್ನು ಹಿಸುಕಲು ಎದೆಯನ್ನೇ ಕೊಯ್ದು ತೆರೆಯಬೇಕಾಗಿತ್ತು. ಅಲ್ಲಿಂದ ಮುಂದೆ ದಾರಿಹೋಕನ ಎರಡು ಕೈಗಳೇ ಸಾಕಾದವು.

ಆದರೆ ದಾರಿಹೋಕ ಕೈಹಾಕಲು ಹಿಂಜರಿಯುವುದೇಕೆ? 'ಇನ್ನೂ ಉಸಿರಾಡುತ್ತಿದ್ದಾನಲ್ಲ' ಎಂಬ ಅನುಮಾನದಿಂದ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರು ಬಾಯಿ ತೆರೆದು, ಮಧ್ಯೆ ಮಧ್ಯೆ, ಗೊರಕೆಯಂಥ ಸದ್ದಿನೊಂದಿಗೆ ಉಸಿರೆಳೆಯುತ್ತಾರೆ. ಇದು ನಿಜವಾದ ಉಸಿರಾಟವಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಪಾರಿಭಾಷಿಕ ಪದವಿದ್ದರೂ ಅಲ್ಲಿನ ಜನಸಾಮಾನ್ಯರಿಗೆ ಅದು ತಿಳಿದಿಲ್ಲ. ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಅವರು ಅದನ್ನು 'ಮೇಲುಸಿರು' ಎಂದರು, ಪಂಡಿತರು 'ಊರ್ಧ್ವಶ್ವಾಸ' ಎಂದರು. ಮೇಲುಸಿರು ಬಂದರೆ ಬಾಯಿಗೆ ತುಳಸಿನೀರು ಬಿಡುವುದು ಪದ್ಧತಿ. ದೀರ್ಘಕಾಲದ ಕಾಯಿಲೆಯಿಂದ ಹಾಸಿಗೆ ಹಿಡಿದ ವೃದ್ಧರ ಮಾತು ಬೇರೆ. ನಿಂತಿದ್ದವನು ಹಠಾತ್ತನೆ ಬಿದ್ದು ಮೇಲುಸಿರೆಳೆದರೆ ಅದು ಎದೆ ಒತ್ತಲು ಆರಂಭಿಸಬೇಕೆಂಬ ಸೂಚನೆ. ಒಳ್ಳೆಯ ಕನ್ನಡ ಪದವೊಂದು ಸಿದ್ಧವಾಗಿಯೇ ಇದೆ, ಅದಕ್ಕೆ ಅಂಟಿಕೊಂಡ ಕೆಲಸ ಬದಲಾಗಬೇಕಷ್ಟೆ.

ನಾಡಿಯ ವಿಷಯದಲ್ಲೂ ಇಂಥದೇ ಬದಲಾವಣೆ ಆಗಿದೆ. ಶಾರ್ಙ್ಗಧರ ಸಂಹಿತೆಯ ಕಾಲದಿಂದ ನಾಡಿ ಹಿಡಿಯುವುದು ನಮ್ಮಲ್ಲಿ ವೈದ್ಯನ ಹೆಗ್ಗುರುತು. ಆದರೆ ಗಾಬರಿಯ ಹೊತ್ತಿನಲ್ಲಿ ತರಬೇತಿ ಪಡೆದವರೂ ನಾಡಿಯ ವಿಷಯದಲ್ಲಿ ತಪ್ಪುತ್ತಾರೆಂದು ಕಂಡುಬಂದುದರಿಂದ, 2000ನೆಯ ಇಸವಿಯ ಅಂತಾರಾಷ್ಟ್ರೀಯ ಮಾರ್ಗಸೂಚಿ ಜನಸಾಮಾನ್ಯರು ನಾಡಿ ಹುಡುಕುವುದನ್ನೇ ಕೈಬಿಟ್ಟಿತು. ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ ಎಂಬ ಎರಡೇ ಗುರುತು ಸಾಕು.

ವಾಯುವಲ್ಲ, ನಾಳ

'ಪಾರ್ಶ್ವವಾಯು' ಎಂಬ ಪದದೊಳಗೆ ಒಂದು ಸಿದ್ಧಾಂತವೇ ಅಡಗಿದೆ. ದೇಹದ ಒಂದು ಪಾರ್ಶ್ವಕ್ಕೆ ವಾಯು ಪ್ರಕೋಪಗೊಂಡು ಬಡಿಯಿತು ಎಂಬುದು ಅದರ ಭಾವ. ಇದಕ್ಕೇ ನಾವು ಹೇಳುವ 'ಲಕ್ವ' ಅರಬ್ಬಿಯಿಂದ ಬಂದುದು, ಅಲ್ಲಿ ಅದು ಮುಖ ವಕ್ರವಾಗುವ ರೋಗದ ಹೆಸರು. ಇಂಗ್ಲಿಷಿನ 'ಸ್ಟ್ರೋಕ್' ಎಂದರೆ ಪೆಟ್ಟು. ದೇವರ ಕೈಯ ಪೆಟ್ಟು ಎಂಬ ಮಾತಿನಿಂದ ಬಂದುದು. ಗಾಳಿಯೋ ದೇವರೋ, ಬಡಿದದ್ದು ಹೊರಗಿನಿಂದ ಎಂಬ ನಂಬಿಕೆ ಎಲ್ಲೆಡೆಯೂ ಇತ್ತು. 1658ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಎಂಬ ವೈದ್ಯ ಹೀಗೆ ಸತ್ತವರ ತಲೆಯನ್ನು ತೆರೆದು ನೋಡಿ, ಮಿದುಳಿನಲ್ಲಿ ರಕ್ತ ಸೋರಿದ್ದನ್ನು ತೋರಿಸಿದ. ಮಿದುಳಿನ ನಾಳ ಕಟ್ಟಿಕೊಂಡರೂ ಇದೇ ಗತಿ ಎಂದು ವಿವರಿಸಿದ.

ಕಾರಣ ತಿಳಿದರೂ ಚಿಕಿತ್ಸೆಗೆ ಮುನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1996ರಲ್ಲಿ ಹೆಪ್ಪು ಕರಗಿಸುವ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಮಾಡಿ, ಒಳಗೆ ರಕ್ತ ಸೋರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೀಗಾಗಿ ಗುರುತಿಸುವ ವೇಗವೇ ಚಿಕಿತ್ಸೆಯ ಮೊದಲ ಭಾಗವಾಯಿತು. 1998ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ನಗರದಲ್ಲಿ ಆಂಬುಲೆನ್ಸ್ ಸಿಬ್ಬಂದಿಗಾಗಿ ಒಂದು ಸರಳ ಪರೀಕ್ಷೆ ಸಿದ್ಧವಾಯಿತು. ಮುಖ ಒಂದು ಕಡೆಗೆ ಜೋತಿದೆಯೇ, ಎರಡೂ ತೋಳು ಎತ್ತಿದರೆ ಒಂದು ಕೆಳಗಿಳಿಯುತ್ತದೆಯೇ, ಮಾತು ತೊದಲುತ್ತಿದೆಯೇ ಎಂಬ ಮೂರನ್ನೇ ನೋಡುವುದು. ಜೊತೆಗೆ ಇದು ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ವಾಯು ಎಂಬ ಹೆಸರು ನಮ್ಮನ್ನು ಎಣ್ಣೆ ನೀವಿಸಲು ಕರೆದೊಯ್ಯುತ್ತದೆ. ಮೊದಲ ಗಂಟೆಗಳಲ್ಲಿ ಹೋಗಬೇಕಾದದ್ದು ಸ್ಕ್ಯಾನ್ ಇರುವ ಆಸ್ಪತ್ರೆಗೆ.

ಕಟ್ಟು ಹಾಕುವುದು, ಹಾಕದಿರುವುದು

ಪದ ಸರಿಯಿದ್ದೂ ಸಂದರ್ಭ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 'ಟೂರ್ನಿಕೆ' ಉದಾಹರಣೆ. ತಿರುಗಿಸು ಎಂಬ ಫ್ರೆಂಚ್ ಮೂಲದ ಈ ಪದಕ್ಕೆ ತಿರುಚಿ ಬಿಗಿಯುವ ಕಟ್ಟು ಎಂದರ್ಥ. 1718ರಲ್ಲಿ ಪ್ಯಾರಿಸ್ಸಿನ ಜಾನ್ ಲೂಯಿ ಪೆಟಿ ಅದಕ್ಕೆ ತಿರುಪುಮೊಳೆ ಜೋಡಿಸಿದ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದು, ಒತ್ತಿ ಹಿಡಿದರೂ ನಿಲ್ಲದಿದ್ದರೆ ಇದು ಜೀವ ಉಳಿಸುತ್ತದೆ. ಹಾವು ಕಚ್ಚಿದಾಗ ನಾವು ಹಾಕುವ ಬಿಗಿಕಟ್ಟೂ ನೋಡಲು ಇದೇ. ಆದರೆ ಅಲ್ಲಿ ಅದು ಕೇಡು. ರಕ್ತ ಹರಿಯದೆ ಅಂಗ ಕೊಳೆಯಬಹುದು, ಕಟ್ಟು ಬಿಚ್ಚಿದ ಕೂಡಲೇ ವಿಷ ಒಮ್ಮೆಲೇ ಏರಬಹುದು. ಕಚ್ಚಿದ ಅಂಗವನ್ನು ಅಲುಗಾಡದಂತೆ ಇಟ್ಟು, ನಡೆಸದೆ ಸಾಗಿಸುವುದು ಸರಿಯಾದ ಕ್ರಮ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕಕ್ಕೂ ಒಂದೇ ಪ್ರತಿವಿಷ ಔಷಧಿ ಇರುವುದರಿಂದ ಹಾವನ್ನು ಕೊಂದು ತರಬೇಕಾದ ಅಗತ್ಯವೂ ಇಲ್ಲ. ಕಟ್ಟುಹಾವಿನ ಕಡಿತ ರಾತ್ರಿ ಮಲಗಿದ್ದಾಗ, ನೋವೂ ಇಲ್ಲದೆ ಆಗಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಜೋತುಬಿದ್ದ ಕಣ್ಣುರೆಪ್ಪೆ, ಇವೇ ಅದರ ಗುರುತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಕಾನೂನಿಗೆ ಬಂದ ಗಂಟೆ

ಈ ಪದಕೋಶದಿಂದ ಕಾನೂನಿನ ಪುಸ್ತಕಕ್ಕೆ ಹೋದ ಮಾತೊಂದಿದೆ: 'ಗೋಲ್ಡನ್ ಅವರ್', ಸುವರ್ಣ ಗಂಟೆ. ಇದನ್ನು ಪ್ರಚಾರಕ್ಕೆ ತಂದವನು ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ. ಸರಿಯಾಗಿ ಅರವತ್ತು ನಿಮಿಷ ಎಂಬುದಕ್ಕೆ ಗಟ್ಟಿಯಾದ ಆಧಾರ ಸಿಗುವುದಿಲ್ಲವೆಂದು 2001ರಲ್ಲಿ ಸಂಶೋಧಕರು ತೋರಿಸಿದರು; ಕೆಲವರಿಗೆ ಹತ್ತೇ ನಿಮಿಷ ಇರಬಹುದು, ಕೆಲವರಿಗೆ ಮೂರು ಗಂಟೆ. ಆದರೂ ಬೇಗ ಸಾಗಿಸಬೇಕೆಂಬ ಸತ್ಯವನ್ನು ಆ ಮಾತು ಮನದಟ್ಟು ಮಾಡಿಸಿತು. ನಮ್ಮ ದೇಶದ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಈ ಗಂಟೆಯನ್ನು ಕಾನೂನಿನ ಪದವಾಗಿ ವ್ಯಾಖ್ಯಾನಿಸಿತು. ಅಪಘಾತದಲ್ಲಿ ನೆರವಾಗುವವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ವಿಳಾಸ ಹೇಳಲು ಬಲವಂತ ಮಾಡುವಂತಿಲ್ಲ ಎಂಬ ರಕ್ಷಣೆಯೂ ಅದೇ ತಿದ್ದುಪಡಿಯಲ್ಲಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಮುಂಗಡ ಹಣವಿಲ್ಲದ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು. 'ಪೊಲೀಸರ ಗೋಜು ಯಾರಿಗೆ ಬೇಕು' ಎಂದು ದೂರ ನಿಲ್ಲಲು ಈಗ ಕಾರಣವಿಲ್ಲ.

ಈ ಪದಗಳ ಚರಿತ್ರೆಯನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ದಿಕ್ಕು ಕಾಣುತ್ತದೆ. ಹಳೆಯ ಪದಗಳು ಕಾರಣವನ್ನು ಹೇಳಲು ಹೊರಟವು: ವಾಯು ಬಡಿಯಿತು, ದೇವರು ಹೊಡೆದ, ಗುಂಡು ಅದುರಿಸಿತು. ತುರ್ತು ಸೇವೆಯ ಪದಗಳು ಕ್ರಮೇಣ ಕಾರಣವನ್ನು ಆಸ್ಪತ್ರೆಗೆ ಬಿಟ್ಟುಕೊಟ್ಟು, ಕಣ್ಣಿಗೆ ಕಂಡದ್ದನ್ನು ಹೇಳುವತ್ತ ಸಾಗಿದವು. ಆದ್ದರಿಂದ 108ಕ್ಕೆ ಕರೆ ಮಾಡುವವರು ರೋಗಕ್ಕೆ ಹೆಸರಿಡಲು ತಿಣುಕಬೇಕಾಗಿಲ್ಲ. ಸ್ಥಳ ಮತ್ತು ಹತ್ತಿರದ ಗುರುತು, ಎಷ್ಟು ಜನಕ್ಕೆ ಪೆಟ್ಟಾಗಿದೆ, ಕರೆದರೆ ಓಗೊಡುತ್ತಾರೆಯೇ, ಉಸಿರು ಹೇಗಿದೆ, ರಕ್ತ ಹೋಗುತ್ತಿದೆಯೇ, ಎಷ್ಟು ಹೊತ್ತಿಗೆ ಶುರುವಾಯಿತು ಎಂಬ ಆರು ಸಂಗತಿಗಳನ್ನು ಮನೆಮಾತಿನ ಕನ್ನಡದಲ್ಲಿ ಹೇಳಿ, ಕೇಳಿದ್ದಕ್ಕೆ ಉತ್ತರಿಸಿ, ಅವರು ಹೇಳುವವರೆಗೆ ಫೋನು ಇಡದಿದ್ದರೆ ಸಾಕು.